ಇಳಕಲ್ ಸೀರೆ, ಗುಳೇದಗುಡ್ಡ ಖಣ ಆನ್‌ಲೈನ್ ಮಾರಾಟ: ಮೊದಲು ಏನೇನು ನಿರ್ಧಾರ ಮಾಡಿಕೊಳ್ಳಬೇಕು?

ಖಣದ ಗಂಟು:
ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಕಡೆಯವಳು. ಇಳಕಲ್ಲಿನ ನಾಲ್ಕು ನೇಕಾರರ ಮನೆಯಿಂದ ಸೀರೆ, ಗುಳೇದಗುಡ್ಡದಿಂದ ಖಣ (ಕುಪ್ಪಸದ ಬಟ್ಟೆ) ತಂದು ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿ ಪರಿಚಯದವರಿಗೆ ಮಾರುತ್ತಿದ್ದೇನೆ. ಈಗ ಪುಣೆ, ಹೈದರಾಬಾದ್‌ನಿಂದಲೂ ಕೇಳುತ್ತಿದ್ದಾರೆ. ಇದನ್ನೇ ಸರಿಯಾದ ವ್ಯಾಪಾರ ಮಾಡಬೇಕು ಅಂತಿದ್ದೇನೆ. ಕೈಯಲ್ಲಿ ಒಂದೂವರೆ ಲಕ್ಷ ಇದೆ. ವೆಬ್‌ಸೈಟ್ ಮಾಡಿಕೊಡುವವರು 45,000 ಕೇಳಿದ್ದಾರೆ. ಇನ್ನೊಬ್ಬರು ವೆಬ್‌ಸೈಟ್ ಬೇಡವೇ ಬೇಡ, ದೊಡ್ಡ ಮಾರ್ಕೆಟ್‌ಪ್ಲೇಸ್‌ನಲ್ಲಿ (ಹಲವರು ಮಾರುವ ಆನ್‌ಲೈನ್ ಅಂಗಡಿಯಲ್ಲಿ) ಹಾಕಿ ಸಾಕು ಅಂತಾರೆ. ಜಿಎಸ್‌ಟಿ ಈಗಲೇ ಬೇಕಾ? ಕ್ಯಾಶ್ ಆನ್ ಡೆಲಿವರಿ ಇಡಬೇಕಾ? ಯಾವುದನ್ನು ಮೊದಲು ಮಾಡಲಿ?

ಲೆಕ್ಕದ ಖಾತೆ:
ಅಕ್ಕಾ, ವೆಬ್‌ಸೈಟ್ ಪ್ರಶ್ನೆಯನ್ನು ಸದ್ಯ ಪಕ್ಕಕ್ಕಿಡಿ. ಅದನ್ನು ಆರು ತಿಂಗಳು ಬಿಟ್ಟು ಮಾಡಿದರೂ ನಷ್ಟವಿಲ್ಲ, ಮಾಡಿದ್ದನ್ನು ಕಿತ್ತು ಬೇರೆ ಮಾಡಿಸಿದರೂ ಆಕಾಶ ಕಳಚಿ ಬೀಳುವುದಿಲ್ಲ. ತೆರಿಗೆ, ಬ್ಯಾಂಕ್ ಖಾತೆ, ಅಂಗಡಿಯ ಹೆಸರು ಹಾಗಲ್ಲ. ಅವನ್ನು ತಪ್ಪಾಗಿ ಶುರು ಮಾಡಿದರೆ ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ.

ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಆ ಮಾತು ಅರ್ಧ ಮಾತ್ರ ನಿಜ. ಅದು ರಾಜ್ಯದೊಳಗಿನ ಮಾರಾಟಕ್ಕೆ. ಪುಣೆಗೆ ಒಂದೇ ಒಂದು ಸೀರೆ ಕಳಿಸಿದರೂ ಅದು ಅಂತರರಾಜ್ಯ ಮಾರಾಟ, ಅದಕ್ಕೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಕೈಮಗ್ಗ, ಕರಕುಶಲ ವಸ್ತುಗಳಿಗೆ ಇದರಲ್ಲಿ ಒಂದು ವಿನಾಯಿತಿ ಇದೆ. ಆದರೆ ಅದು ಅಧಿಸೂಚನೆಯಲ್ಲಿರುವ ಪಟ್ಟಿಗೂ ಷರತ್ತುಗಳಿಗೂ ಕಟ್ಟುಬಿದ್ದದ್ದು. ನಿಮ್ಮ ಸರಕು ಅದರೊಳಗೆ ಬರುತ್ತದೋ ಇಲ್ಲವೋ ಅನ್ನುವುದನ್ನು ಊರಿನ ಲೆಕ್ಕಿಗರ ಮುಂದೆ ಇಟ್ಟು ಕೇಳಿ, ಇಂಟರ್ನೆಟ್ ನಂಬಿ ಕೂರಬೇಡಿ (ನನ್ನನ್ನೂ ಸೇರಿಸಿ).

ಮಾರ್ಕೆಟ್‌ಪ್ಲೇಸ್ ಮೂಲಕ ಮಾರಿದರೆ ಮೊದಲು ಎಲ್ಲರಿಗೂ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ಸಡಿಲ ಮಾಡಿದ್ದಾರೆ: ಒಂದೇ ರಾಜ್ಯದೊಳಗೆ ಮಾರಬೇಕು, ಮಿತಿಯ ಒಳಗಿರಬೇಕು, ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ತೆಗೆದುಕೊಳ್ಳಬೇಕು. ಹೊರರಾಜ್ಯದ ಗಿರಾಕಿಯೇ ಬೇಕು ಅನ್ನುವ ನಿಮಗೆ ಇದರಿಂದ ಉಪಯೋಗವಿಲ್ಲ. ಕಾಂಪೊಸಿಶನ್ ಸ್ಕೀಮ್‌ನಲ್ಲಿ (ಸಣ್ಣ ವ್ಯಾಪಾರಿಗಳಿಗೆ ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ) ಬರೀ 1% ಕಟ್ಟಿದರೆ ಸಾಕು ಅಂತ ಯಾರಾದರೂ ಆಸೆ ತೋರಿಸಿದರೂ ಹೋಗಬೇಡಿ, ಅದರಲ್ಲೂ ಹೊರರಾಜ್ಯಕ್ಕೆ ಮಾರುವಂತಿಲ್ಲ. ಹಾಗಾಗಿ ಕೈಮಗ್ಗದ ವಿನಾಯಿತಿ ಸಿಗದಿದ್ದರೆ ನಿಮ್ಮ ವಿಷಯದಲ್ಲಿ ರೆಗ್ಯುಲರ್ ನೋಂದಣಿಯೇ ಸರಿ.

ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಪ್ಯಾನ್, ಆಧಾರ್, ಫೋಟೊ, ಬ್ಯಾಂಕ್ ವಿವರ, ಮನೆಯ ಕರೆಂಟ್ ಬಿಲ್ ಅಥವಾ ಆಸ್ತಿ ತೆರಿಗೆ ರಸೀದಿ ಸಾಕು. ಮನೆ ಮಾವನವರ ಹೆಸರಲ್ಲಿದ್ದರೆ ಅವರಿಂದ ಒಪ್ಪಿಗೆ ಪತ್ರ ಬೇಕು. ಬಿಲ್‌ನಲ್ಲಿರುವ ವಿಳಾಸಕ್ಕೂ ಅರ್ಜಿಯ ವಿಳಾಸಕ್ಕೂ ಒಂದಕ್ಷರ ವ್ಯತ್ಯಾಸವಿದ್ದರೆ ಪ್ರಶ್ನೆ ಹಾಕಿ ವಾಪಸ್ ಕಳಿಸುತ್ತಾರೆ, ಹೆಚ್ಚಿನ ಅರ್ಜಿಗಳು ನಿಲ್ಲುವುದು ಇಲ್ಲೇ.

ನಂಬರ್ ಬಂದ ಮೇಲೆ ಮಾರಾಟ ಇರಲಿ ಬಿಡಲಿ, ರಿಟರ್ನ್ (ಮಾರಾಟ, ತೆರಿಗೆಯ ಲೆಕ್ಕಪತ್ರ) ಸಲ್ಲಿಸಲೇಬೇಕು. ಏನೂ ಮಾರದ ಅವಧಿಗೂ ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ಆದ್ದರಿಂದ ಸರಕು, ಫೋಟೊ ಎಲ್ಲ ತಯಾರಾದ ತಿಂಗಳಲ್ಲೇ ಅರ್ಜಿ ಹಾಕಿ, ಆರು ತಿಂಗಳು ಮೊದಲೇ ಹಾಕಿ ಕೂರಬೇಡಿ. ವರ್ಷದ ವಹಿವಾಟು 5 ಕೋಟಿ ಒಳಗಿರುವವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಆಯ್ಕೆ ತೆಗೆದುಕೊಳ್ಳಬಹುದು, ತೆರಿಗೆಯನ್ನು ಮಾತ್ರ ತಿಂಗಳು ತಿಂಗಳು ಕಟ್ಟಬೇಕು.

ದರ: ಸೀರೆ, ಹೊಲಿಯದ ಖಣ ಬಟ್ಟೆಯ ಲೆಕ್ಕಕ್ಕೆ ಬರುತ್ತವೆ, 5%. ಖಣದಿಂದ ಕುಪ್ಪಸ ಹೊಲಿಸಿ ಮಾರಿದರೆ ಅದು ಸಿದ್ಧ ಉಡುಪು. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಬೆಲೆ 2,500ರವರೆಗೆ ಇದ್ದರೆ 5%, ದಾಟಿದರೆ 18%. ಕಸೂತಿ ಹಾಕಿಸಿದ ದುಬಾರಿ ಕುಪ್ಪಸ ಮಾರುವ ಯೋಚನೆ ಇದ್ದರೆ ಈ ಗೆರೆ ನೆನಪಿರಲಿ.

ಕೊನೆಗೆ ಖಾತೆ. ವ್ಯಾಪಾರದ ದುಡ್ಡು ಮನೆಯ ಉಳಿತಾಯ ಖಾತೆಗೆ ಯುಪಿಐನಲ್ಲಿ ಬರುವುದು ಇವತ್ತೇ ನಿಲ್ಲಲಿ. 2025ರ ಜುಲೈನಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿಯೇ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕಳಿಸಿತ್ತಲ್ಲ, ಆಗ ತಂಗಿ ಹಾಕಿದ ದುಡ್ಡು ಯಾವುದು, ಗಿರಾಕಿ ಹಾಕಿದ್ದು ಯಾವುದು ಅಂತ ಬೇರ್ಪಡಿಸುವುದೇ ಜನರಿಗೆ ತಲೆನೋವಾಗಿತ್ತು. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ಪಟ್ಟಿ) ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಕೂತಲ್ಲೇ ಆಗುತ್ತದೆ. ಆ ಪ್ರಮಾಣಪತ್ರ ಮತ್ತು ಜಿಎಸ್‌ಟಿ ತೋರಿಸಿ ಅಂಗಡಿಯ ಹೆಸರಲ್ಲಿ ಕರೆಂಟ್ ಅಕೌಂಟ್ ತೆರೆಯಿರಿ. ನೇಕಾರರಿಗೂ ಆದಷ್ಟು ಬ್ಯಾಂಕ್ ಮೂಲಕವೇ ಕೊಡಿ. ಒಬ್ಬರಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಅದನ್ನು ಖರ್ಚು ಅಂತ ಒಪ್ಪುವುದಿಲ್ಲ.

ಪಾರ್ಸೆಲ್ ತಕ್ಕಡಿ:
ಮೇಡಂ, ಲಾಭ ಸೋರಿ ಹೋಗುವುದು ಕೊರಿಯರ್‌ನಲ್ಲಿ. ಚೆಂದದ ಡಬ್ಬಿಯಲ್ಲಿ ಸೀರೆ ಕಳಿಸಬೇಕು ಅಂತ ಎಲ್ಲರಿಗೂ ಆಸೆ ಇರುತ್ತದೆ. ಖಾಸಗಿ ಕೊರಿಯರ್‌ನವರು ತೂಕ ಮತ್ತು ಗಾತ್ರ ಎರಡನ್ನೂ ಅಳೆದು ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಕಿಲೋ ಲೆಕ್ಕ ಬರುತ್ತದೆ.

600 ಗ್ರಾಂ ಸೀರೆಯನ್ನು 35×28×8 ಡಬ್ಬಿಯಲ್ಲಿಟ್ಟರೆ 7,840 ಭಾಗಿಸು 5,000, ಅಂದರೆ 1.57 ಕಿಲೋ. ದರ ಅರ್ಧ ಅರ್ಧ ಕಿಲೋ ಹಂತದಲ್ಲಿ ಏರುವುದರಿಂದ 2 ಕಿಲೋ ದುಡ್ಡು ಕೊಡಬೇಕು. ಅದೇ ಸೀರೆ ಕೊರಿಯರ್ ಕವರ್‌ನಲ್ಲಿ 30×25×4 ಆಗಿ ಕೂತರೆ 0.6 ಕಿಲೋ, ನಿಜ ತೂಕ ಪ್ಯಾಕಿಂಗ್ ಸೇರಿ 650 ಗ್ರಾಂ, 1 ಕಿಲೋ ಹಂತಕ್ಕೇ ಮುಗಿಯಿತು. ಖಣದ ಪೀಸುಗಳನ್ನು ಒಟ್ಟು 480 ಗ್ರಾಂ ಒಳಗೆ ಬರುವ ಹಾಗೆ ಕಟ್ಟು ಮಾಡಿ ಮಾರಿ. 510 ಆದರೆ ಹತ್ತು ಗ್ರಾಂಗೆ ಇನ್ನರ್ಧ ಕಿಲೋ ದುಡ್ಡು ತೆರಬೇಕು. ಡಬ್ಬಿ ಬೇಕೇ ಬೇಕು ಅನ್ನುವ ಮದುವೆ ಆರ್ಡರ್‌ಗೆ ಬೇರೆ ದರ ಹಾಕಿ.

ಒಳಗೆ ಒಂದು ಪ್ಲಾಸ್ಟಿಕ್ ಕವರ್, ಹೊರಗೆ ಒಮ್ಮೆ ಅಂಟಿಸಿದರೆ ಹರಿಯದೆ ತೆಗೆಯಲಾಗದ ಕೊರಿಯರ್ ಬ್ಯಾಗ್. ವಿಳಾಸದ ಚೀಟಿಯ ಇನ್ನೊಂದು ಪ್ರತಿ ಒಳಗೂ ಇರಲಿ, ಮಳೆಯಲ್ಲಿ ಹೊರಗಿನದು ಅಳಿಸಿದರೆ ಪಾರ್ಸೆಲ್ ಗೋದಾಮಿನಲ್ಲಿ ಅನಾಥವಾಗುತ್ತದೆ. ಪ್ರತಿ ಪಾರ್ಸೆಲ್ ಅನ್ನು ಡಿಜಿಟಲ್ ತಕ್ಕಡಿ ಮೇಲೆ ಇಟ್ಟು, ಟ್ರ್ಯಾಕಿಂಗ್ ಸಂಖ್ಯೆ ಮತ್ತು ತೂಕದ ಅಂಕಿ ಎರಡೂ ಕಾಣುವ ಹಾಗೆ ಒಂದು ಫೋಟೊ, ಟೇಪ್ ಹಿಡಿದು ಅಳತೆಯ ಇನ್ನೊಂದು ಫೋಟೊ ತೆಗೆದಿಡಿ. ತಿಂಗಳ ಬಿಲ್ಲಿನಲ್ಲಿ 650 ಗ್ರಾಂ 1.2 ಕಿಲೋ ಆಗಿ ಬಂದಾಗ ತಕರಾರು ಹಾಕಲು ಕೆಲವೇ ದಿನ ಅವಕಾಶ ಇರುತ್ತದೆ, ಫೋಟೊ ಇಲ್ಲದಿದ್ದರೆ ಆ ದುಡ್ಡು ಹೋಯಿತು ಅಂತಲೇ.

ಕ್ಯಾಶ್ ಆನ್ ಡೆಲಿವರಿ ಲೆಕ್ಕ ನೀವೇ ನೋಡಿ. ಹೋಗುವ ಖರ್ಚು 95, ವಾಪಸ್ ಬರುವ ಖರ್ಚು 90, ಪ್ಯಾಕಿಂಗ್ 25 ಅಂತ ಹಿಡಿದರೆ ತೆಗೆದುಕೊಳ್ಳದೆ ವಾಪಸ್ ಬಂದ ಒಂದು ಪಾರ್ಸೆಲ್‌ಗೆ 210 ನಷ್ಟ. ಹತ್ತರಲ್ಲಿ ಮೂರು ವಾಪಸ್ ಬಂದರೆ 630, ಅದು ಉಳಿದ ಏಳು ಸೀರೆಯ ಮೇಲೆ ತಲಾ 90 ಕೂರುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಅಂದರೆ ಸೀರೆ ಎರಡು ಮೂರು ವಾರ ದಾರಿಯಲ್ಲೇ ಇರುವುದು. ಪಂಚಮಿಗೆ ಮುಂಚೆ ಹೋದ ಸೀರೆ ಹಬ್ಬ ಮುಗಿದ ಮೇಲೆ ಮನೆಗೆ ಬಂದರೆ ಯಾರಿಗೆ ಮಾರುತ್ತೀರಿ?

ಮಗ್ಗದ ಸಪ್ಪಳ:
ಅಕ್ಕಾರ, ಇವ್ರು ಹೇಳಿದ್ದೆಲ್ಲಾ ಖರೆ ಐತ್ರಿ. ಆದ್ರ ಸರಕಿನ ಮಾತು ಯಾರೂ ತಗೀಲಿಲ್ಲ. ಇಳಕಲ್ ಸೀರಿ ಅಂದ್ರ ಮಿಲ್ ಟೀ ಶರ್ಟ್ ಅಲ್ಲ, ಒಂದ ನಮೂನಿ ನೂರು ಪೀಸ್ ಸಿಗೂದಿಲ್ಲ. ಒಡಲಿನ ಹಾಸಿಗೂ (ಮಗ್ಗದ ಉದ್ದ ಎಳಿ) ಸೆರಗಿನ ಹಾಸಿಗೂ ಎಳಿ ಎಳಿ ಕೊಂಡಿ ಹಾಕಿ ಕೂಡಿಸಬೇಕು, ತೋಪು ತೆನಿ ಸೆರಗು (ಕೆಂಪಿನ್ಯಾಗ ಬಿಳಿ ತೆನಿ ನಮೂನಿ ಇರೂದು) ಬೇಕಂದ್ರ ಸೀರಿಗೊಂದು ಹಾಸು ಹೂಡಬೇಕು. "ಇದ ಬಣ್ಣದಾಗ ಇನ್ನೊಂದು ನಾಳಿ ಕಳಿಸ್ರಿ" ಅಂದ್ರ ಆಗೂ ಮಾತಲ್ಲ.

ಅದಕ್ಕ ಮೊದಲ ನಿರ್ಧಾರ ಇದನ್ನ ಮಾಡ್ರಿ: ಯಾವುದು ಒಂಟಿ ಪೀಸು, ಯಾವುದು ಮತ್ತ ಮತ್ತ ಸಿಗೂದು. ಒಂಟಿ ಪೀಸನ್ನ ಇನ್‌ಸ್ಟಾಗ್ರಾಮ್, ವಾಟ್ಸಾಪ್, ಮಾರ್ಕೆಟ್‌ಪ್ಲೇಸ್ ಮೂರೂ ಕಡೆ ಹಾಕಿದ್ರ ಒಂದ ಸೀರಿ ಇಬ್ಬರಿಗೆ ಮಾರಾಟ ಆಗತೈತಿ. ವಾಟ್ಸಾಪಿನ್ಯಾಗ "ಕ್ಷಮಿಸ್ರಿ ಅಕ್ಕಾರ" ಅಂದ್ರ ಮುಗೀತು. ಮಾರ್ಕೆಟ್‌ಪ್ಲೇಸಿನ್ಯಾಗ ಆರ್ಡರ್ ರದ್ದು ಮಾಡಿದ್ರ ನಿಮ್ಮ ಅಂಕ ಇಳೀತೈತಿ, ಹಿಂಗ ನಾಕು ಸಲ ಆತಂದ್ರ ಖಾತೀನ ನಿಲ್ಲಿಸ್ತಾರ. ಖಣ ಮಾತ್ರ ಅಲ್ಲಿ ಹಾಕ್ರಿ, ಅದು ಒಂದ ನಮೂನಿ ಹತ್ತಿಪ್ಪತ್ತು ಪೀಸು ಸಿಗತೈತಿ. ಸೀರಿ ನಿಮ್ಮ ಕೈಯಾಗ ಇರ್ಲಿ.

ಪ್ರತಿ ಸೀರಿಗೆ ಒಂದು ನಂಬರ್ ಹಾಕ್ರಿ, ದಾರಾ ಕಟ್ಟಿ ಚೀಟಿ ಇಡ್ರಿ: ದಡಿ (ಅಂಚು) ಗೋಮಿನೋ ಗಾಡಿನೋ ಚಿಕ್ಕಿ ಪರಾಸನೋ, ಒಡಲಿನ ಬಣ್ಣ, ಎಷ್ಟು ವಾರ ಉದ್ದ (ವಾರ ಅಂದ್ರ ಗಜ; ಆರೋ, ಎಂಟೋ, ಒಂಬತ್ತೋ), ಯಾವ ಮನಿ ಮಗ್ಗ, ಕೊಟ್ಟ ರೊಕ್ಕ. ಅದ ನಂಬರ್ ಫೋಟೋದ ಮ್ಯಾಲೂ ಇರ್ಲಿ. "ಆ ಕೆಂಪು ಸೆರಗಿಂದು" ಅಂತ ಗಿರಾಕಿ ಕೇಳಿದ್ರ ಇಳಕಲ್ಲಿನ್ಯಾಗ ಎಲ್ಲಾ ಸೆರಗೂ ಕೆಂಪ ಇರ್ತಾವ್ರಿ!

ಇನ್ನೊಂದು, ನೂಲಿನ ವಿಷಯದಾಗ ಸುಳ್ಳು ಬರೀಬ್ಯಾಡ್ರಿ. ಸೆರಗು ಚಮಕಾದ್ದಿದ್ರ (ಕೃತಕ ರೇಷ್ಮಿ) ಚಮಕಾ ಅಂತ ಬರೀರಿ. ರೇಷ್ಮಿ ಅಂತ ಬರದು ಕಳಿಸಿದ್ರ ಗಿರಾಕಿ ಎರಡು ಎಳಿ ಸುಟ್ಟು ನೋಡ್ತಾಳ: ರೇಷ್ಮಿ ಕೂದಲಾ ಸುಟ್ಟಂಗ ವಾಸನಿ ಬರ್ತೈತಿ, ಬೂದಿ ಪುಡಿ ಆಗತೈತಿ. ಚಮಕಾ ಕಾಗದದಂಗ ಉರೀತೈತಿ. ಪವರ್‌ಲೂಮ್ ಸೀರಿ ತಂದು ಕೈಮಗ್ಗ ಅನ್ನೂದಂತೂ ಬ್ಯಾಡ. ಫೋಟೋದಾಗ ಕೊಂಡಿ ಹಾಕಿದ ಜಾಗ ಹತ್ತಿರದಿಂದ ತೋರಿಸ್ರಿ, ತಿಳದವರು ಅದನ್ನ ನೋಡಿ ತಗೋತಾರ. ಮುಂಜಾನಿ ಬೆಳಕಿನ್ಯಾಗ, ನೆರಳಾಗ ತಗೀರಿ. ಹಳದಿ ಬಲ್ಬಿನ ಕೆಳಗ ತಗದ್ರ ದಾಳಿಂಬ್ರಿ ಕೆಂಪು ಕಿತ್ತಳಿ ಕಾಣತೈತಿ, ಬಣ್ಣ ಬ್ಯಾರೆ ಬಂತು ಅಂತ ವಾಪಸ್ ಕಳಸೂದು ಇದಕ್ಕ.

ಖಣದ ಗಂಟು:
ಎಲ್ಲರಿಗೂ ಧನ್ಯವಾದ. ಅಣ್ಣಾರ, ಚೀಟಿ ಕೆಲಸ ಇವತ್ತೇ ಶುರು ಮಾಡ್ತೀನಿ. ಹೆಸರಿನಲ್ಲಿ "ಇಳಕಲ್" ಇರಬೇಕು, ಟ್ರೇಡ್‌ಮಾರ್ಕ್ ಮಾಡಿಸಬೇಕು ಅಂತ ವೆಬ್‌ಸೈಟ್‌ನವರು ಹೇಳ್ತಿದ್ದಾರೆ. ಎಲ್ಲ ಅವರೇ ಮಾಡಿಕೊಡ್ತಾರಂತೆ. ಕ್ಯಾಶ್ ಆನ್ ಡೆಲಿವರಿ ಪೂರ್ತಿ ಬಿಟ್ಟರೆ ಹೊಸ ಗಿರಾಕಿ ನಂಬ್ತಾರಾ?

ಡಾಟ್ ಇನ್:
"ಎಲ್ಲ ನಾವೇ ಮಾಡಿಕೊಡ್ತೀವಿ" ಅನ್ನುವಲ್ಲೇ ಹುಷಾರಾಗಿರಿ. ಡೊಮೇನ್ (ವೆಬ್‌ಸೈಟ್‌ನ ವಿಳಾಸ) ಅವರ ಖಾತೆಯಲ್ಲಿ, ಅವರ ಇಮೇಲ್‌ನಲ್ಲಿ ಕೊಂಡರೆ ಅದು ಅವರದ್ದೇ. ಮುಂದಿನ ವರ್ಷ ಜಗಳವಾದರೆ ನಿಮ್ಮ ಅಂಗಡಿಯ ಬೋರ್ಡು ಅವರ ಕೈಯಲ್ಲಿರುತ್ತದೆ. ಡಾಟ್ ಇನ್ ಡೊಮೇನ್ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು, ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್ ಕೊಟ್ಟು ನೀವೇ ಕೊಳ್ಳಿ. ಮೊದಲ ವರ್ಷ 99 ರೂಪಾಯಿ ಅನ್ನುವ ಕಡೆ ನವೀಕರಣದ ದರ ಎಷ್ಟು ಅಂತ ಮೊದಲೇ ನೋಡಿ. ವೆಬ್‌ಸೈಟ್ ಈಗ ಬೇಡ, ಡೊಮೇನ್ ಮಾತ್ರ ಕೊಂಡು ಇಟ್ಟುಕೊಳ್ಳಿ.

ಇಳಕಲ್ ಸೀರೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಅಂಥ ಊರಿನ ಹೆಸರನ್ನು ಒಬ್ಬರು ತಮ್ಮ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಕಾನೂನು ಬಿಡುವುದಿಲ್ಲ. ಹೆಸರು ಬೇರೆಯದಿರಲಿ, ಕೆಳಗೆ "ಇಳಕಲ್ ಸೀರೆ, ಗುಳೇದಗುಡ್ಡ ಖಣ" ಅಂತ ವಿವರಣೆಯಾಗಿ ಬರೆದುಕೊಳ್ಳಿ. ಮುಂದೆ ಕಸೂತಿ ಬ್ಯಾಗ್, ಮೊಳಕಾಲ್ಮೂರು ಸೀರೆ ಸೇರಿಸಿದರೂ ಆ ಹೆಸರು ನಡೆಯುತ್ತದೆ. ಜಿಐ ಲಾಂಛನ ಬಳಸಬೇಕಾದರೆ ಅಧಿಕೃತ ಬಳಕೆದಾರ ಅಂತ ನೋಂದಣಿ ಬೇಕು, ಅದರ ಅರ್ಜಿ ಶುಲ್ಕ ಈಗ ಬರೀ 10 ರೂಪಾಯಿ. ನಿಮ್ಮ ನಾಲ್ಕು ನೇಕಾರರಿಂದಲೇ ಅರ್ಜಿ ಹಾಕಿಸಿ.

ಹೆಸರು ಆರಿಸುವಾಗ ಡೊಮೇನ್, ಇನ್‌ಸ್ಟಾಗ್ರಾಮ್, ಸರ್ಕಾರದ ಟ್ರೇಡ್‌ಮಾರ್ಕ್ ಹುಡುಕಾಟದ ಪುಟ ಈ ಮೂರೂ ಕಡೆ ಖಾಲಿ ಇದೆಯಾ ನೋಡಿ. ಟ್ರೇಡ್‌ಮಾರ್ಕ್ ಅರ್ಜಿಗೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಕ್ಕೂ ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ 4,500. ಬಟ್ಟೆಗೆ 24ನೇ ವರ್ಗ, ಉಡುಪಿಗೆ 25, ಅಂಗಡಿ ವ್ಯವಹಾರಕ್ಕೆ 35. ಮೂರಕ್ಕೂ ಒಟ್ಟಿಗೆ ಹಾಕಿಸಿ 13,500 ಕಳೆಯಬೇಡಿ. ಹೆಸರಿಗೆ ಗಿರಾಕಿ ಹುಟ್ಟಿದ ಮೇಲೆ ಒಂದರಿಂದ ಶುರು ಮಾಡಿದರೆ ಸಾಕು.

ಮೊದಲ ಐವತ್ತು ಆರ್ಡರ್‌ವರೆಗೆ ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್ ಸಾಕು. ದುಡ್ಡಿಗೆ ಅಂಗಡಿ ಖಾತೆಯ ಯುಪಿಐ ಕ್ಯೂಆರ್, ಕಾರ್ಡ್ ಬೇಕೆನ್ನುವವರಿಗೆ ಪೇಮೆಂಟ್ ಲಿಂಕ್. ಕಾರ್ಡಿಗೆ ಸಾಮಾನ್ಯವಾಗಿ 2% ಶುಲ್ಕ, ಅದರ ಮೇಲೆ 18% ಜಿಎಸ್‌ಟಿ. ಗಿರಾಕಿ ಕಳಿಸುವ "ಪೇಮೆಂಟ್ ಆಯ್ತು" ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಳಿಸಬೇಡಿ. ನಕಲಿ ಸ್ಕ್ರೀನ್‌ಶಾಟ್ ಮಾಡುವ ಆ್ಯಪ್‌ಗಳೇ ಇವೆ. ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ಮೊತ್ತ ಬಿದ್ದಿರುವುದನ್ನು ನೋಡಿದ ಮೇಲೆಯೇ ಕಟ್ಟು ಕಟ್ಟಿ. ಗೇಟ್‌ವೇ (ಕಾರ್ಡ್, ಲಿಂಕ್ ಮೂಲಕ ದುಡ್ಡು ಪಡೆಯುವ ಸೇವೆ) ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ರಿಫಂಡ್, ಶಿಪ್ಪಿಂಗ್, ಖಾಸಗಿತನದ ನೀತಿ ಮತ್ತು ಸಂಪರ್ಕ ವಿಳಾಸ ಎಲ್ಲೂ ಬರೆದಿಲ್ಲ ಅನ್ನುವ ಕಾರಣಕ್ಕೆ. ಮೊದಲು ಅವನ್ನು ಬರೆದಿಡಿ.

"ಮಾರಿದ ಮಾಲು ವಾಪಸ್ ಇಲ್ಲ" ಅಂತ ಬರೆದರೆ ಮುಗಿಯಿತು ಅಂದುಕೊಳ್ಳಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೋಷವಿದ್ದರೆ, ಹೇಳಿದಂತೆ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳಲೇಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಮನಸ್ಸು ಬದಲಾಯಿತು ಅನ್ನುವವರಿಗೆ ಬೇಕಾದರೆ ಇಲ್ಲ ಅನ್ನಿ. ಎಳೆ ಗಂಟು, ಸಣ್ಣ ನೇಯ್ಗೆಯ ಏರುಪೇರು ಕೈಮಗ್ಗದಲ್ಲಿ ಇದ್ದದ್ದೇ ಅಂತ ಕೊಳ್ಳುವ ಮೊದಲೇ ಓದುವ ಜಾಗದಲ್ಲಿ ಬರೆಯಿರಿ.

ಪಾರ್ಸೆಲ್ ತಕ್ಕಡಿ:
ಕ್ಯಾಶ್ ಆನ್ ಡೆಲಿವರಿ ಬಗ್ಗೆ: ಪೂರ್ತಿ ಬಿಡಬೇಡಿ, ಪೂರ್ತಿ ತೆರೆಯಲೂಬೇಡಿ. 200 ರೂಪಾಯಿ ಮುಂಗಡ ಯುಪಿಐನಲ್ಲಿ, ಉಳಿದದ್ದು ಮನೆ ಬಾಗಿಲಲ್ಲಿ. ಸುಮ್ಮನೆ ಆರ್ಡರ್ ಒತ್ತುವವರು ಅಲ್ಲೇ ನಿಲ್ಲುತ್ತಾರೆ, ವಾಪಸ್ ಬಂದರೂ ಸಾಗಾಟದ ಖರ್ಚು ನಿಮ್ಮ ಮೈಮೇಲೆ ಬರುವುದಿಲ್ಲ. ವಾಪಸ್ ಬಂದರೆ ಮುಂಗಡ ಸಾಗಾಟದ ಖರ್ಚಿಗೆ ಹೋಗುತ್ತದೆ ಅಂತ ಮೊದಲೇ ಬರೆದು ತಿಳಿಸಿರಬೇಕು. ಕಳಿಸುವ ಮೊದಲು ಫೋನ್ ಮಾಡಿ ವಿಳಾಸ, ಪಿನ್‌ಕೋಡ್, ಹತ್ತಿರದ ಗುರುತು ಕೇಳಿ. ಪಾರ್ಸೆಲ್ ತಲುಪಿದ ಮೇಲೆ ದುಡ್ಡು ನಿಮ್ಮ ಖಾತೆಗೆ ಬರಲು ವಾರ ಹತ್ತು ದಿನ ಹಿಡಿಯುತ್ತದೆ. ನೇಕಾರರಿಗೆ ಶನಿವಾರ ಕೊಡಬೇಕಾದ ದುಡ್ಡನ್ನು ಇದರ ಮೇಲೆ ನಂಬಿ ಕೂರಬೇಡಿ.

ಲೆಕ್ಕದ ಖಾತೆ:
ಬೆಲೆ ಇಡುವ ಮುಂಚೆ ಒಂದು ಸೀರೆಯ ಲೆಕ್ಕ ಹಾಕಿ ನೋಡಿ, ಮಾರ್ಕೆಟ್‌ಪ್ಲೇಸ್ ಪ್ರಶ್ನೆಗೆ ಉತ್ತರವೂ ಅದರಲ್ಲೇ ಸಿಗುತ್ತದೆ. ನೇಕಾರರಿಗೆ 1,500 ಕೊಟ್ಟು 2,400ಕ್ಕೆ ಮಾರುತ್ತೀರಿ ಅನ್ನೋಣ. ಗಿರಾಕಿಗೆ ಹೇಳುವ ಬೆಲೆಯಲ್ಲೇ ತೆರಿಗೆ ಸೇರಿರುತ್ತದೆ, ಹಾಗಾಗಿ 2,400 ಭಾಗಿಸು 1.05, ಅದರಲ್ಲಿ ತೆರಿಗೆ 114. ನೋಂದಣಿ ಇಲ್ಲದ ನೇಕಾರರಿಂದ ಕೊಂಡದ್ದಕ್ಕೆ ಇನ್‌ಪುಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಮುರಿದುಕೊಳ್ಳುವುದು) ಸಿಗುವುದಿಲ್ಲ, ಆ 114 ಪೂರ್ತಿ ನಿಮ್ಮ ಕೈಯಿಂದಲೇ. ಸಾಗಾಟ 90, ಪ್ಯಾಕಿಂಗ್ 30, ಗೇಟ್‌ವೇ 57, ವಾಪಸ್ ಬರುವವುಗಳಿಗೆ ಅಂತ 70 ತೆಗೆದಿಟ್ಟರೆ ಉಳಿಯುವುದು 539. ಜಾಹೀರಾತು, ನಿಮ್ಮ ಓಡಾಟ, ನಿಮ್ಮ ಕೂಲಿ ಎಲ್ಲ ಈ 539ರಲ್ಲೇ.

ಅದೇ ಸೀರೆ ಮಾರ್ಕೆಟ್‌ಪ್ಲೇಸ್‌ನಲ್ಲಿ 15% ಕಮಿಷನ್‌ಗೆ ಹೋದರೆ 360, ಅದರ ಮೇಲೆ ಜಿಎಸ್‌ಟಿ 65. ಗೇಟ್‌ವೇ 57 ಉಳಿದರೂ ಕೈಗೆ ಬರುವುದು 171. 65 ಇನ್‌ಪುಟ್ ಆಗಿ ವಾಪಸ್ ಬಂದರೆ 236. ಇದರ ಜೊತೆಗೆ ಅವರು ತೆರಿಗೆ ಮೌಲ್ಯದ ಮೇಲೆ 0.5% ಟಿಸಿಎಸ್ (ಮಾರಾಟದ ದುಡ್ಡಿನಲ್ಲೇ ಮೊದಲು ಹಿಡಿಯುವ ತೆರಿಗೆ) ಹಿಡಿಯುತ್ತಾರೆ. ಅದು ನಷ್ಟವಲ್ಲ, ಆದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ನೀವೇ ಒಪ್ಪಿಗೆ ಕೊಟ್ಟು ಸಲ್ಲಿಸಿದರೆ ಮಾತ್ರ ನಿಮ್ಮ ಲೆಡ್ಜರ್‌ಗೆ ಬೀಳುತ್ತದೆ. ತುಂಬಾ ಜನ ಅದನ್ನು ಹಾಗೇ ಬಿಟ್ಟಿರುತ್ತಾರೆ.

ಒಂದೂವರೆ ಲಕ್ಷದಲ್ಲಿ ಸರಕಿಗೆ 80,000 ದಾಟಬೇಡಿ. ತಕ್ಕಡಿ, ಪ್ಯಾಕಿಂಗ್, ಡೊಮೇನ್, ಲೆಕ್ಕಿಗರ ಶುಲ್ಕಕ್ಕೆ 20,000. ಉಳಿದ 50,000 ಮುಟ್ಟದೆ ಇಡಿ. ದಸರಾ ದೀಪಾವಳಿಗೆ ನೇಕಾರರು ಮುಂಗಡ ಕೇಳುತ್ತಾರೆ, ನಿಮ್ಮ ದುಡ್ಡು ಆಗ ಕೊರಿಯರ್‌ನವರ ಹತ್ತಿರ ಸಿಕ್ಕಿಕೊಂಡಿರುತ್ತದೆ.

ಖಣದ ಗಂಟು:
ಅಂದರೆ 45,000 ವೆಬ್‌ಸೈಟ್ ಸದ್ಯಕ್ಕಿಲ್ಲ. ಕೊನೇ ಪ್ರಶ್ನೆ: ಅಮೆರಿಕದಲ್ಲಿರುವ ಕನ್ನಡದವರು ಕೇಳ್ತಿದ್ದಾರೆ, ದೀಪಾವಳಿಗೆ ಕಳಿಸಬಹುದಾ?

ಡಾಟ್ ಇನ್:
ಕಳಿಸಬಹುದು, ಆದರೆ ಇದೇ ವರ್ಷ ಬೇಡ ಅನ್ನುತ್ತೇನೆ. ರಫ್ತಿಗೆ ಐಇಸಿ ಸಂಖ್ಯೆ ಬೇಕು (ಆಮದು ರಫ್ತು ಕೋಡ್, ಶುಲ್ಕ 500), ತೆರಿಗೆ ಕಟ್ಟದೆ ಕಳಿಸಬೇಕಾದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ರತಿ ಹಣಕಾಸು ವರ್ಷ ಎಲ್‌ಯುಟಿ (ಮುಚ್ಚಳಿಕೆ ಪತ್ರ) ಸಲ್ಲಿಸಬೇಕು. ಅಮೆರಿಕದಲ್ಲಿ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಹೋಯಿತು. ಸುಂಕ ಯಾರು ಕಟ್ಟಬೇಕು ಅನ್ನುವುದು ಮೊದಲೇ ತೀರ್ಮಾನವಾಗದಿದ್ದರೆ ಗಿರಾಕಿ ಪಾರ್ಸೆಲ್ ಬೇಡ ಅಂತಾರೆ, ಸೀರೆ ಅಲ್ಲಿಂದ ವಾಪಸ್ ತರಿಸುವ ಖರ್ಚು ಸೀರೆಯ ಬೆಲೆಯನ್ನೇ ದಾಟಬಹುದು. ಈ ಸಲ ಅವರ ಬೆಂಗಳೂರು, ಹುಬ್ಬಳ್ಳಿ ಮನೆಯವರ ವಿಳಾಸ ಕೇಳಿ ಅಲ್ಲಿಗೆ ಕಳಿಸಿ. ಹೋಗುವವರ ಸೂಟ್‌ಕೇಸ್‌ನಲ್ಲಿ ಹೋಗುತ್ತದೆ.

ಮಗ್ಗದ ಸಪ್ಪಳ:
ಮತ್ತ ಅಕ್ಕಾರ, ಕಟ್ಟಿನ್ಯಾಗ ಒಂದು ಚೀಟಿ ಹಾಕೂದು ಮರೀಬ್ಯಾಡ್ರಿ: ಮೊದಲ ಸಲ ತಣ್ಣೀರಿನ್ಯಾಗ ಉಪ್ಪು ಹಾಕಿ ಬ್ಯಾರೆನ ಒಗೀರಿ, ನೆನಿ ಇಡಬ್ಯಾಡ್ರಿ, ನೆರಳಾಗ ಒಣಗಿಸ್ರಿ. ಕೆಂಪು ಬಿಟ್ಟು ಬಿಳಿ ತೆನಿಗೆ ಹತ್ತಿದ್ರ ಗಿರಾಕಿ ನಿಮಗ ಫೋಟೋ ಕಳಿಸ್ತಾಳ.